ಅನುಮಾನದಕ್ಕ ಮಾಳಿಗೆ ಹತ್ತಿದ್ದು

ಓಯ್! ಬಾಲ್ಕನೀಲಿ ಬಟ್ಟೆ ಹಿಂಡ್ತಿರೋರೇ, ಅಂಗಡಿ ಮುಂದೆ ಸೈಕಲ್ ಒರಗಿಸ್ಕೊಂಡು ನಿಂತಿರೋರೇ, ಸ್ವಲ್ಪ ಈ ಕಡೆ ಕಿವಿ ಕೊಡಿ! ಹಾಂ, ನಿಮಗೇ ಹೇಳಿದ್ದು. ಒಂದ್ಸಲ ತಲೆ ಎತ್ತಿ ಮೇಲೆ ನೋಡಿ. ಏನ್ ಕಾಣ್ತಿದೆ? ಮೋಡಾನಾ? ಖಂಡಿತಾ ಮೋಡಾನೇನಾ? ಆಣೆ ಮಾಡಿ ಹೇಳ್ತೀರಾ? ಬೇಡ ಬಿಡಿ, ಆಣೆ ಆಮೇಲೆ ಮಾಡೋರಂತೆ. ಮೊದಲು ಅನುಮಾನದಕ್ಕನ ಸಂಗತಿ ಕೇಳಿ.

ಅನುಮಾನದಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅಂತ ಒಂದಿತ್ತು. ಅದು ಕಚೇರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಹಾಲಿನವನು ಪಾತ್ರೆಗೆ ಹಾಲು ಸುರಿದರೆ ಒಂದು ಹನಿಯನ್ನು ಉಗುರಿನ ಮೇಲಿಟ್ಟು ಅದು ಎಷ್ಟು ಬೇಗ ಜಾರುತ್ತದೆ ಎಂದು ನೋಡುವವಳು ಅವಳು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗಿ, ನಾಲ್ಕು ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವವಳು. ಮದುವೆಗೆ ಮೊದಲು ಹುಡುಗನ ಕಡೆಯವರು "ನಮ್ಮ ಹುಡುಗನಿಗೆ ಕೆಟ್ಟ ಚಟ ಒಂದೂ ಇಲ್ಲ" ಎಂದಾಗ, ಮುಖ ಎತ್ತಿ "ಯಾರು ಪರೀಕ್ಷೆ ಮಾಡಿದ್ದು?" ಎಂದು ಕೇಳಿದ್ದಳಂತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಆ ಹುಡುಗ ಆ ಪ್ರಶ್ನೆಗೇ ಸೋತುಹೋದ. ಇಂದಿಗೂ ಅವನು ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಸಾಕ್ಷಿ ಸಮೇತ ಬರುತ್ತಾನೆ.

ಅವಳ ಕೆಲಸವೂ ಅಂಥದ್ದೇ. ಅನುಮಾನಪಟ್ಟರೆ ಸಂಬಳ ಕೊಡುವ ಕೆಲಸ. ದಿನಕ್ಕೆರಡು ಸಲ ಊರಿನ ಮೇಲೆ ಒಂದು ಉಪಗ್ರಹ ಹಾದುಹೋಗುತ್ತದೆ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಏಳುನೂರು ಕಿಲೋಮೀಟರ್ ಎತ್ತರದಿಂದ ಅದು ನೆಲವನ್ನು ಚೌಕ ಚೌಕವಾಗಿ ನೋಡುತ್ತದೆ. ಪ್ರತಿ ಚೌಕದ ಗಾಳಿಯಲ್ಲಿ ಎಷ್ಟು ಧೂಳು, ಎಷ್ಟು ಹೊಗೆ ಇದೆ ಎಂದು ಅಲ್ಲಿಂದ ಮೇಲಕ್ಕೆ ಮರಳಿದ ಬೆಳಕಿನಿಂದ ಲೆಕ್ಕ ಹಾಕುವುದು ಅವಳ ಕಚೇರಿಯ ಕಸುಬು. ಉತ್ತರ ಒಂದು ಅಂಕೆ. ಅದನ್ನು ಅವರು ಮಬ್ಬಿನ ಅಂಕೆ ಎನ್ನುತ್ತಿದ್ದರು. ಸೊನ್ನೆಯ ಹತ್ತಿರವಿದ್ದರೆ ಆಕಾಶ ತೊಳೆದಿಟ್ಟಂತೆ. ಅರ್ಧ ದಾಟಿದರೆ ದೂರದ ಕಟ್ಟಡ ಮಸುಕು. ಒಂದೂವರೆ ದಾಟಿದರೆ ಸೂರ್ಯನನ್ನೇ ಬರಿಗಣ್ಣಲ್ಲಿ ದಿಟ್ಟಿಸಬಹುದು ಎನ್ನಿಸುವಷ್ಟು ಮಂಕು.

ಈ ಲೆಕ್ಕಕ್ಕೆ ಒಬ್ಬನೇ ಶತ್ರು, ಮೋಡ. ಚೌಕದಲ್ಲಿ ಮೋಡದ ಚೂರಿದ್ದರೆ ಲೆಕ್ಕ ದಿಕ್ಕೆಡುತ್ತದೆ. ಆದ್ದರಿಂದ ಮೋಡವಿರುವ ಚೌಕಗಳನ್ನು ಮೊದಲೇ ಸೋಸಿ ಹೊರಗೆ ಹಾಕಬೇಕು. ಹಾಗೆ ಸೋಸುವ ಜರಡಿಯ ಒಡತಿ ಅನುಮಾನದಕ್ಕ. ಮೂರು ವರ್ಷದ ಹಿಂದೆ ಒಂದು ತೆಳು ಮೋಡ ಅವಳ ಜರಡಿಯಿಂದ ತಪ್ಪಿಸಿಕೊಂಡು, ಕಚೇರಿ ಅದನ್ನು ಧೂಳಿನ ಬಿರುಗಾಳಿ ಎಂದು ಸಾರಿ, ಊರೆಲ್ಲ ಬಾಗಿಲು ಮುಚ್ಚಿಕೊಂಡು ಕೂತ ಮೇಲೆ ನಾಲ್ಕು ಹನಿ ಮಳೆ ಬಿದ್ದಿತ್ತು. ಆಗ ಸಭೆಯಲ್ಲಿ ನಕ್ಕವರ ಹಲ್ಲುಗಳನ್ನು ಅವಳು ಇಂದಿಗೂ ಎಣಿಸಿ ಹೇಳಬಲ್ಲಳು. ಅಂದಿನಿಂದ ಅವಳ ಜರಡಿಯಿಂದ ಒಂದು ಮೋಡವೂ ನುಸುಳಿರಲಿಲ್ಲ.

ಆ ದಿನ ಬೆಳಗ್ಗೆ ಅವಳು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ ಕೂತಿದ್ದಳು. ಕೈ ಬೇಳೆಯಲ್ಲಿತ್ತು, ಮನಸ್ಸು ಸಂಜೆ ಐದು ಗಂಟೆಯ ಸಭೆಯಲ್ಲಿತ್ತು.

"ಅಮ್ಮಾ ತಾಯಿ," ಎಂದರು ಅತ್ತೆ, ಮಣೆ ಎಳೆದುಕೊಂಡು. "ಆ ಬೇಳೆಗೇನಾಗಿದೆ ಅಂತ ಬಿಸಾಕ್ತಿದೀಯಾ?"

"ಬಣ್ಣ ನೋಡಿ ಅತ್ತೆ. ಒಂಚೂರು ಕಂದು."

"ಕಂದು ಇದ್ರೆ ಕಲ್ಲಾ?"

"ಕಲ್ಲಲ್ಲ ಅಂತ ಹೇಗೆ ಹೇಳ್ತೀರಿ?"

"ಹಲ್ಲಲ್ಲಿ ಕಚ್ಚಿ ಹೇಳ್ತೀನಿ! ನಲವತ್ತು ವರ್ಷದಿಂದ ಆರಿಸ್ತಿದೀನಿ ಕಣೇ. ಜನ ಕಲ್ಲು ಎಸೆದು ಬೇಳೆ ಇಟ್ಕೋತಾರೆ. ನೀನು ಕಲ್ಲಿನ ಭಯಕ್ಕೆ ಬೇಳೇನೇ ಎಸೀತೀಯ." ಹಾಗೆನ್ನುತ್ತಾ ಅತ್ತೆ ಅವಳು ಎಸೆದ ಕಾಳುಗಳನ್ನು ಒಂದು ಹಳೇ ಡಬ್ಬಿಗೆ ಬಳಿದು ಹಾಕಿಕೊಂಡರು. ಆ ಡಬ್ಬಿ ಯಾವಾಗಲೂ ಅರ್ಧ ತುಂಬಿರುತ್ತಿತ್ತು. "ವಾರಕ್ಕೊಂದು ದಿನ ನಿನ್ನ ಕಸದಲ್ಲೇ ಅಡುಗೆ ಮಾಡಿ ಬಡಿಸ್ತೀನಿ, ಗೊತ್ತಾ? ಇಲ್ಲಿವರೆಗೂ ಯಾರ ಹಲ್ಲೂ ಮುರಿದಿಲ್ಲ."

ಅನುಮಾನದಕ್ಕನ ಕೈ ತಟ್ಟನೆ ನಿಂತಿತು. "ಯಾವ ದಿನ?"

"ಅದನ್ನ ಹೇಳಿಬಿಟ್ರೆ ನೀನು ಊಟ ಮಾಡ್ತೀಯಾ?"

ಗಂಡ ಕನ್ನಡಕ ಒರೆಸಿಕೊಳ್ಳುತ್ತಾ ಗೋಡೆಯ ಕಡೆ ತಿರುಗಿ ನಗು ನುಂಗಿದ. "ಇವತ್ತು ಯಾರ ಸರದಿ?" ಎಂದು ಕೇಳಿದ.

"ಬಿಸಿಲಪ್ಪಂದು," ಎಂದಳು ಅವಳು, ನಗದೆ.

ಬಿಸಿಲಪ್ಪ ಯಾರು ಎಂದು ಹೇಳಬೇಕು. ಆಕಾಶದಿಂದ ನೋಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ನೆಲದ ಮೇಲೂ ಒಬ್ಬರು ಅಳೆಯುತ್ತಿರಬೇಕು. ಊರಿನ ಹೊರಂಚಿನಲ್ಲಿ, ಕಚೇರಿಯಿಂದ ಆರು ನಿಲ್ದಾಣ ದೂರದಲ್ಲಿ, ಮೂರಂತಸ್ತಿನ ಹಳೇ ಕಟ್ಟಡವೊಂದಿದೆ. ಅದರ ಮಾಳಿಗೆಯ ಮೇಲೆ ಕೂತು ಕೈಯಲ್ಲಿ ಹಿಡಿಯುವ ಪೆಟ್ಟಿಗೆಯೊಂದನ್ನು ಸೂರ್ಯನತ್ತ ಚಾಚಿ, ಅದರ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಪುಸ್ತಕದಲ್ಲಿ ಬರೆಯುವುದು ಬಿಸಿಲಪ್ಪನ ಕೆಲಸ. ಹನ್ನೊಂದು ವರ್ಷದಿಂದ ಅದೇ ಮಾಳಿಗೆ, ಅದೇ ಪೆಟ್ಟಿಗೆ, ಅದೇ ಮನುಷ್ಯ. ನಿವೃತ್ತಿಗೆ ಇನ್ನೆರಡು ವರ್ಷ. ಅನುಮಾನದಕ್ಕ ಅವನನ್ನು ಕಂಡವಳಲ್ಲ; ತಿಂಗಳಿಗೊಮ್ಮೆ ಬರುವ ಅವನ ಪುಟಗಳ ನೆರಳಚ್ಚನ್ನು ಕಂಡವಳು.

ಕಳೆದ ಮೂರು ವರ್ಷದಿಂದ ಆ ಪುಟಗಳು ಉಪಗ್ರಹದ ಜೊತೆ ಹೊಂದುತ್ತಿರಲಿಲ್ಲ. ಬೆಳಗಿನದು ಹೊಂದುತ್ತಿತ್ತು. ಮಧ್ಯಾಹ್ನದ್ದು ತಲೆಕೆಳಗು. ಇವನು ಒಂದು ಮುಕ್ಕಾಲು, ಎರಡು ಎಂದು ಬರೆದ ದಿನ ಉಪಗ್ರಹ "ಅಲ್ಲಿ ಮೋಡವಿತ್ತು, ನಾನು ಅಳೆದಿಲ್ಲ" ಎಂದು ಚೌಕವನ್ನು ಬೆಳ್ಳಗೆ ಬಿಟ್ಟಿರುತ್ತಿತ್ತು. ಮೋಡವಿದ್ದರೆ ಬಿಸಿಲಪ್ಪನೂ ಅಳೆಯುವಂತಿಲ್ಲ. ಅದು ಮೊದಲ ನಿಯಮ. ಅಂದರೆ ಒಂದೋ ಅವನು ಮೋಡದ ಮೂಲಕ ಅಳೆಯುತ್ತಿದ್ದಾನೆ, ಇಲ್ಲವೋ ಮಾಳಿಗೆ ಹತ್ತದೆಯೇ ಬರೆಯುತ್ತಿದ್ದಾನೆ. ಉಪಗ್ರಹಕ್ಕೆ ಅಳೆಯಲು ಸಾಧ್ಯವಾದ ದಿನಗಳಲ್ಲಿ ಆ ಊರಂಚಿನ ಗಾಳಿ ಅಪ್ಪಟ ಶುಭ್ರ, ನಕ್ಷೆಯಲ್ಲಿ ಎಳೆ ಹಸಿರು.

ಅವಳು ಒಂದು ವಾರ ಕೂತು ಪುಟಗಳನ್ನು ಜಾಲಾಡಿದ್ದಳು. ಕೊನೆಯ ಅಂಕೆಗಳನ್ನೆಲ್ಲ ಪಟ್ಟಿ ಮಾಡಿದ್ದಳು. ಮುಳ್ಳಿನ ಲೆಕ್ಕ ಎಲ್ಲ ಕಡೆ ಸೊನ್ನೆಯಲ್ಲೋ ಐದರಲ್ಲೋ ಮುಗಿಯುತ್ತಿತ್ತು. ಮೂರು ಇಲ್ಲ, ಏಳು ಇಲ್ಲ. ನಿಜವಾಗಿ ಅಳೆದವನಿಗೆ ಹನ್ನೊಂದು ವರ್ಷದಲ್ಲಿ ಒಂದು ಏಳೂ ಸಿಗಲಿಲ್ಲವೇ? ಅಕ್ಷರಗಳೂ ಅಷ್ಟೆ, ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದೇ ಓರೆ, ಒಂದೇ ಒತ್ತು, ಒಂದೇ ಕೂತಲ್ಲಿ ಗೀಚಿದಂತೆ.

ಕಚೇರಿಯ ಮುಖ್ಯಸ್ಥೆಯನ್ನು ಎಲ್ಲರೂ ಬೆನ್ನ ಹಿಂದೆ ಗಡಿಯಾರದಮ್ಮ ಎನ್ನುತ್ತಿದ್ದರು. ಮಾತಾಡುವಾಗಲೂ ಅವರ ಕಣ್ಣು ಮುಂಗೈ ಮೇಲೇ. ಅಂದು ಬೆಳಗ್ಗೆ ಅವರು ಅವಳ ಮೇಜಿನ ಬಳಿ ಬಂದು ನಿಂತರು.

"ಐದು ಗಂಟೆಗೆ ಸಭೆ. ನಿನ್ನ ಪತ್ರ ಬೇಕು. ಆ ಮಾಳಿಗೆ ಲೆಕ್ಕ ನಂಬೋದಾ, ಬಿಡೋದಾ? ನಂಬೋಕಾಗಲ್ಲ ಅಂದ್ರೆ ಹನ್ನೊಂದು ವರ್ಷದ್ದೂ ತೆಗೆದುಬಿಡ್ತೀವಿ, ಆ ಮನುಷ್ಯನ್ನೂ ನಾಳೆಯಿಂದ ಬರಬೇಡ ಅಂತೀವಿ. ನೀನು ಹೇಳಿದ್ದೇ ಕೊನೆ ಮಾತು."

"ಪತ್ರ ಅರ್ಧ ಆಗಿದೆ ಮೇಡಂ."

"ಇನ್ನರ್ಧ?"

"ಕಳ್ಳನ್ನ ಕಣ್ಣಾರೆ ಹಿಡಿದು ಆಮೇಲೆ."

ಮಧ್ಯಾಹ್ನದ ಉಪಗ್ರಹ ಒಂದು ಮೂವತ್ನಾಲ್ಕಕ್ಕೆ ಹಾಯುವುದಿತ್ತು. ಅವಳು ಕಚೇರಿಯ ಕಪಾಟಿನಿಂದ, ಕಳೆದ ತಿಂಗಳಷ್ಟೇ ಸರಿಹೊಂದಿಸಿದ್ದ ಇನ್ನೊಂದು ಪೆಟ್ಟಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡು, ಮೇಲೆ ಒಂದು ಶಾಲು ಮುಚ್ಚಿ, ಯಾರಿಗೂ ಹೇಳದೆ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಪಕ್ಕದವನು "ಏನಮ್ಮಾ ಅದು, ಬೆಕ್ಕಾ?" ಎಂದು ಕೇಳಿದ. ಅವಳು ಚೀಲವನ್ನು ಇನ್ನಷ್ಟು ಅವುಚಿಕೊಂಡು ಅವನ ಕಡೆಗೇ ಅನುಮಾನದಿಂದ ನೋಡಿದಳು. ಅವನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟ.

ಕಟ್ಟಡದ ಬಾಗಿಲಲ್ಲಿ ಗಂಟೆ ಒಂದೂಕಾಲು. ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟಳು. ಸದ್ದಿಲ್ಲ. ಅವಳಿಗೆ ಒಳಗೊಳಗೇ ಖುಷಿ. ಚಪ್ಪಲಿ ಕೈಗೆ ತೆಗೆದುಕೊಂಡು, ಗೋಡೆ ಸವರಿಕೊಂಡು, ಉಸಿರು ಬಿಗಿಹಿಡಿದು ಮೂರಂತಸ್ತು ಹತ್ತಿದಳು. ಮಾಳಿಗೆಯ ತಗಡಿನ ಬಾಗಿಲು ಅರ್ಧ ತೆರೆದಿತ್ತು. ಮೂಗು ಮಾತ್ರ ಹೊರಗಿಟ್ಟು ಇಣುಕಿದಳು.

"ಕಾಲು ಸುಡುತ್ತೆ. ಚಪ್ಪಲಿ ಹಾಕ್ಕೊಂಡು ಬನ್ನಿ," ಎಂದಿತು ಒಂದು ದನಿ.

ನೀರಿನ ತೊಟ್ಟಿಯ ನೆರಳಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ, ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡ ತೆಳ್ಳನೆಯ ಮನುಷ್ಯನೊಬ್ಬ ಕೂತಿದ್ದ. ತೊಡೆಯ ಮೇಲೆ ಪುಸ್ತಕ. ಪುಸ್ತಕಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಮೊಣಕಾಲ ಪಕ್ಕದಲ್ಲಿ ಪೆಟ್ಟಿಗೆ, ಅದರ ಗಾಜಿನ ಕಣ್ಣಿಗೆ ಹೊಲಿದ ಪುಟ್ಟ ಟೋಪಿ.

"ನಾನು ಬಂದಿದ್ದು ಹೇಗೆ ಗೊತ್ತಾಯ್ತು?"

"ಬಸ್ಸಿಳಿದಾಗ್ಲೇ ನೋಡ್ದೆ. ಮಾಳಿಗೆ ಮೇಲೆ ಹನ್ನೊಂದು ವರ್ಷ ಕೂತವನಿಗೆ ಕೆಳಗಿನದೆಲ್ಲಾ ಕಾಣುತ್ತೆ. ಚೀಲಾನ ಮಗು ಥರಾ ಹಿಡ್ಕೊಂಡು ಬರ್ತಿದ್ರಿ. ಆಫೀಸಿನವರೇ ತಾನೆ? ಪೆಟ್ಟಿಗೆ ಕಿತ್ಕೊಂಡು ಹೋಗಕ್ಕೆ ಬಂದಿದೀರಾ?"

ಅವನ ಕಣ್ಣಲ್ಲೂ ಅನುಮಾನ. ಅವಳಿಗೆ ಕನ್ನಡಿ ನೋಡಿದಂತಾಯಿತು.

"ಸುಮ್ನೆ ನೋಡೋಕ್ ಬಂದೆ."

"ಹನ್ನೊಂದು ವರ್ಷದಲ್ಲಿ ಯಾರೂ ಸುಮ್ನೆ ಬಂದಿಲ್ಲ ತಾಯಿ. ಸುಮ್ನೆ ಬರೋರು ಚಪ್ಪಲಿ ಕೈಲಿ ಹಿಡ್ಕೊಂಡು ಬರಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬಾರದು. "ನೋಡಿ ಯಜಮಾನ್ರೇ, ನಿಮ್ಮ ಲೆಕ್ಕ ಎಲ್ಲಾ ಸೊನ್ನೆ, ಐದರಲ್ಲೇ ಮುಗಿಯುತ್ತೆ. ಯಾಕೆ?"

ಅವನು ಪೆಟ್ಟಿಗೆಯನ್ನು ಅವಳ ಮೂಗಿನ ಮುಂದೆ ಹಿಡಿದ. ಮುಳ್ಳಿನ ಕೆಳಗಿನ ಗೆರೆಗಳು ಐದೈದಕ್ಕೆ ಒಂದೊಂದು. ನಡುವೆ ಏನೂ ಇಲ್ಲ. "ಯಾವ ಗೆರೆ ಹತ್ರ ಇದ್ಯೋ ಅದನ್ನ ಬರೀ ಅಂತ ಕಲಿಸಿದ್ರು. ಏಳು ಬೇಕಿದ್ರೆ ಏಳಕ್ಕೊಂದು ಗೆರೆ ಹಾಕಿರೋ ಪೆಟ್ಟಿಗೆ ಕೊಡಿ."

ಅವಳ ಒಂದು ವಾರದ ಪಟ್ಟಿ ಮಾಳಿಗೆಯ ಬಿಸಿಲಿಗೆ ಆವಿಯಾಯಿತು. ಆದರೂ ಬಿಡಲಿಲ್ಲ. "ಅಕ್ಷರ ಎಲ್ಲಾ ಒಂದೇ ಓರೆ?"

"ಸ್ಟೂಲಿನ ಒಂದು ಕಾಲು ಮೋಟು. ನೀವೇ ಕೂತು ಬರೀರಿ, ನಿಮ್ದೂ ಓರೆ ಬರುತ್ತೆ."

ಅವಳು ನಿಜವಾಗಿಯೂ ಕೂತಳು. ಅಂಗೈ ಮೇಲೆ ತನ್ನ ಹೆಸರು ಬರೆದು ನೋಡಿದಳು. ಓರೆಯೇ ಬಂತು. ಬಿಸಿಲಪ್ಪ ಆಕಾಶ ನೋಡುತ್ತಾ ನಿಂತುಕೊಂಡ. ಮಾನವಂತ, ನಗಲಿಲ್ಲ.

ಒಂದೂ ಇಪ್ಪತ್ತೈದಕ್ಕೆ ಗಾಳಿ ತಿರುಗಿತು. ಮೊದಲು ವಾಸನೆ ಬಂತು, ಸುಟ್ಟ ಪ್ಲಾಸ್ಟಿಕ್ಕಿನದು, ಒದ್ದೆ ಕಾಗದದ್ದು. ಕಟ್ಟಡದ ಹಿಂದೆ, ಕಾಲುವೆಯಾಚೆ ಊರಿನ ಕಸದ ಗುಡ್ಡ. ಅದರ ಹೊಟ್ಟೆಯಲ್ಲಿ ವರ್ಷಗಟ್ಟಲೆಯಿಂದ ಕಾವು. ಅದು ಅವಳಿಗೂ ಗೊತ್ತಿತ್ತು. ಬೆಳಗಿನ ಉಪಗ್ರಹದಲ್ಲಿ ಅಲ್ಲಿ ಎಳೆಯಷ್ಟು ಹೊಗೆ ಕಾಣುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

"ಬೆಳಗ್ಗೆ ನೆಲ ಹಿಡ್ಕೊಂಡು ಕಾಲುವೆ ಉದ್ದಕ್ಕೂ ಹರ್ಕೊಂಡು ಹೋಗುತ್ತೆ," ಎಂದ ಬಿಸಿಲಪ್ಪ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾ. "ಹನ್ನೆರಡು ದಾಟ್ಲಿ, ನೆಲ ಕಾದ ಮೇಲೆ ಎದ್ದು ಕೂರುತ್ತೆ. ಒಂದೂವರೆಗೆ ಸರಿಯಾಗಿ ನನ್ನ ತಲೆ ಮೇಲೆ. ನಿಮ್ಮ ಮೇಲಿನವನು ಬರೋ ಹೊತ್ತಿಗೇ."

ಉಪಗ್ರಹಕ್ಕೆ ಅವನು ಮೇಲಿನವನು ಎನ್ನುತ್ತಿದ್ದ.

ಹೊಗೆ ಸಮನಾಗಿ ಬರಲಿಲ್ಲ. ಉಂಡೆ ಉಂಡೆಯಾಗಿ ಬಂತು, ಇಲ್ಲಿ ದಟ್ಟ, ಅಲ್ಲಿ ತೆಳು, ನಡುವೆ ನೀಲಿಯ ಬಿರುಕು. ಸೂರ್ಯ ಹಳೇ ತಾಮ್ರದ ತಟ್ಟೆಯಾದ. ದೂರದಲ್ಲಿ ಊರಿನ ಮಧ್ಯದ ಮೇಲೆ ಆಕಾಶ ನಿಷ್ಕಳಂಕ ನೀಲಿ. ಅವಳು ಒಂದು ಸುತ್ತು ತಿರುಗಿ ನಾಲ್ಕೂ ದಿಕ್ಕು ನೋಡಿದಳು. ಎಲ್ಲೂ ಮೋಡದ ತುಣುಕಿರಲಿಲ್ಲ.

ಒಂದು ಮೂವತ್ನಾಲ್ಕಕ್ಕೆ ಬಿಸಿಲಪ್ಪ ಪೆಟ್ಟಿಗೆಯ ಟೋಪಿ ತೆಗೆದು, ಸೂರ್ಯನ ಚುಕ್ಕೆ ಗುರಿಯ ನಡುವೆ ಕೂರುವಂತೆ ಹಿಡಿದ. ಕೈ ಕಲ್ಲಿನಂತೆ ನಿಂತಿತು. ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಮುಳ್ಳಿನ ಅಂಕೆಗೆ ಸರಿಹೊಂದುವ ಮಬ್ಬಿನ ಅಂಕೆ ಹುಡುಕಿದ. "ಒಂದು, ಎಂಬತ್ತು."

ಅವಳು ಶಾಲು ಸರಿಸಿ ತನ್ನ ಪೆಟ್ಟಿಗೆ ತೆಗೆದಳು. ಬಿಸಿಲಪ್ಪ ಹುಬ್ಬೇರಿಸಿದ. "ಓಹೋ! ಮಗು ಅಲ್ಲ ಹಾಗಾದ್ರೆ."

ಅವಳದೂ ಒಂದು ಎಂಬತ್ತು. ಮತ್ತೆ ಅಳೆದಳು. ಒಂದು ಎಂಬತ್ತೈದು. ಗಾಜು ಒರೆಸಿ ಅಳೆದಳು. ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ಅಳೆದಳು. ಬಿಸಿಲಪ್ಪನನ್ನು ದೂರ ಹೋಗಿ ನಿಲ್ಲಿ ಎಂದು ಕಳಿಸಿ ಅಳೆದಳು. ಹೊಗೆ ಯಾರ ಮುಲಾಜಿಗೂ ಬೀಳಲಿಲ್ಲ.

"ಮೋಡ ಇದ್ದ ದಿನ ಏನ್ ಮಾಡ್ತೀರಿ?"

ಅವನು ಪುಸ್ತಕ ತೆರೆದು ತೋರಿಸಿದ. ಪುಟದ ಬಲ ತುದಿಯಲ್ಲಿ ಅವಳು ಎಂದೂ ಕಾಣದ ಎರಡು ಅಂಕಣಗಳಿದ್ದವು. ಒಂದರ ತಲೆಯ ಮೇಲೆ "ಷರಾ" ಎಂದಿತ್ತು. ಅದರಲ್ಲಿ ದಿನದಿನಕ್ಕೂ ಓರೆ ಅಕ್ಷರ: "ಹೊಗೆ. ಮೋಡ ಇಲ್ಲ." "ಮೋಡ. ಅಳೆದಿಲ್ಲ." "ಹೊಗೆ ಜಾಸ್ತಿ, ಕಣ್ಣುರಿ, ಮೋಡ ಇಲ್ಲ." ಇನ್ನೊಂದರ ತಲೆಯ ಮೇಲೆ "ಪರಿಶೀಲಿಸಿದವರ ಸಹಿ" ಎಂದಿತ್ತು. ಅದು ಮೊದಲ ಪುಟದಿಂದ ಕೊನೆಯವರೆಗೂ ಖಾಲಿ.

ನೆರಳಚ್ಚು ತೆಗೆಯುವ ಯಂತ್ರದ ಗಾಜಿಗಿಂತ ಪುಸ್ತಕ ಅಗಲವಾಗಿತ್ತು. ಆ ಎರಡು ಅಂಕಣಗಳು ಯಂತ್ರದ ಹೊರಗೆ ಉಳಿದುಹೋಗಿದ್ದವು. ಅಷ್ಟೆ.

"ನೀವು ಇದನ್ನ ಓದೇ ಇಲ್ವಾ?" ಎಂದು ಕೇಳಿದ ಬಿಸಿಲಪ್ಪ. ಅವನ ದನಿ ಈಗ ಮೊದಲಿನಂತಿರಲಿಲ್ಲ. "ದಿನಾ ಬರೀತೀನಲ್ಲಾ, ಹೊಗೆ ಹೊಗೆ ಅಂತ. ನಿಮ್ಮ ಮೇಲಿನವನು ಅಷ್ಟು ದೂರದಿಂದ ಇಣುಕಿ ಹೋಗ್ತಾನೆ. ನಾನು ಇಲ್ಲೇ ಕೂತು ಉಸಿರಾಡ್ತೀನಿ ತಾಯಿ. ಯಾರಾದ್ರೂ ಓದ್ತಿರ್ತಾರೆ ಅಂದ್ಕೊಂಡಿದ್ದೆ."

ಅವಳು ಪುಟಗಳ ಚಿತ್ರವನ್ನು ಒಂದೊಂದಾಗಿ ಫೋನಿನಲ್ಲಿ ಹಿಡಿದುಕೊಂಡು ಇಳಿದಳು.

ಬಸ್ಸಿನಲ್ಲಿ ಅವಳ ಅನುಮಾನ ದಿಕ್ಕು ಬದಲಿಸಿತು. ಇವನು ಸತ್ಯ ಹೇಳುತ್ತಿದ್ದರೆ ಸುಳ್ಳು ಹೇಳುತ್ತಿರುವವರು ಯಾರು? ಉಪಗ್ರಹವೇ? ಅದಕ್ಕೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ? ಯಾರಾದರೂ ನಕ್ಷೆ ತಿದ್ದುತ್ತಿದ್ದಾರೆಯೇ? ಕಸದ ಗುಡ್ಡದ ಗುತ್ತಿಗೆದಾರನ ಕಡೆಯವರು ಕಚೇರಿಯ ಒಳಗಿದ್ದಾರೆಯೇ? ಪಕ್ಕದ ಮೇಜಿನವನು ಮೊನ್ನೆಯಿಂದ ಯಾಕೆ ಅಷ್ಟು ನಗುನಗುತ್ತಾ ಮಾತಾಡಿಸುತ್ತಿದ್ದಾನೆ? ಇಳಿಯುವ ಹೊತ್ತಿಗೆ ಕಚೇರಿಯ ಅರ್ಧ ಜನ ಅವಳ ಮನಸ್ಸಿನಲ್ಲಿ ಕೈಕೋಳ ತೊಟ್ಟು ನಿಂತಿದ್ದರು.

ಮೂರು ನಲವತ್ತಕ್ಕೆ ಆ ಮಧ್ಯಾಹ್ನದ ಚಿತ್ರ ಬಂತು. ಊರಂಚಿನ ಚೌಕಗಳನ್ನು ದೊಡ್ಡದು ಮಾಡಿದಳು. ಮಾಳಿಗೆಯ ಚೌಕ ಬೆಳ್ಳಗಿತ್ತು. ಸುತ್ತಲಿನ ಎಂಟರಲ್ಲಿ ಆರು ಬೆಳ್ಳಗಿದ್ದವು. ಬೆರಳಿಟ್ಟರೆ ಪರದೆ ಹೇಳಿತು, ಮೋಡ.

"ಎಲ್ಲಿಯ ಮೋಡ?" ಎಂದಳು ಅವಳು ಗಟ್ಟಿಯಾಗಿ. "ನಾನೇ ಅಲ್ಲಿದ್ದೆ!"

ಪಕ್ಕದ ಮೇಜಿನವನು ಬೆಚ್ಚಿ, "ನಾನೇನೂ ಹೇಳಿಲ್ಲ ಅಕ್ಕಾ," ಎಂದ.

ಅವಳು ಅವನನ್ನು ಒಂದು ಕ್ಷಣ ನೆಟ್ಟಗೆ ನೋಡಿದಳು. ಆಮೇಲೆ, ಯಾಕೋ, ಅತ್ತೆಯ ಹಳೇ ಡಬ್ಬಿ ಕಣ್ಣ ಮುಂದೆ ಬಂತು. ಇಷ್ಟು ವರ್ಷ ಅವಳು ಜರಡಿಯ ಕೆಳಗೆ ಬಿದ್ದದ್ದನ್ನು ನೋಡಿದ್ದಳು. ಜರಡಿಯ ಮೇಲೆ ಉಳಿದು ಬಿಸಾಡಿದ್ದನ್ನು ಒಂದು ದಿನವೂ ಕೆದಕಿರಲಿಲ್ಲ.

ಬಿಸಾಡಿದ ಚೌಕಗಳನ್ನು ತೆರೆದಳು. ಹೊಗೆಯೋ ಮೋಡವೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಉಪಗ್ರಹ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲೂ ನೋಡುತ್ತದೆ. ಅಂಥ ಒಂದು ಬೆಳಕಿಗೂ ಮೋಡ ಅಡ್ಡ ನಿಲ್ಲುತ್ತದೆ. ಹೊಗೆ ಮಾತ್ರ ಗಾಜಿನಂತೆ ದಾರಿ ಬಿಟ್ಟು ಕೆಳಗಿನ ನೆಲ ತೋರಿಸುತ್ತದೆ. ಆ ಬೆಳಕಿನ ಚಿತ್ರ ಎಳೆದುಕೊಂಡಳು. ಬೆಳ್ಳಗಿದ್ದ ಏಳು ಚೌಕಗಳಲ್ಲಿ ಕಾಲುವೆ ಕಂಡಿತು, ರಸ್ತೆ ಕಂಡಿತು. ಮೋಡವಾಗಿದ್ದರೆ ಕಾಲುವೆ ಕಾಣುತ್ತಿರಲಿಲ್ಲ.

ಹಾಗಾದರೆ ಹೊಗೆಯನ್ನು ಮೋಡ ಎಂದು ಹೊರಗೆ ಹಾಕಿದವರು ಯಾರು? ಜರಡಿಯ ಕಡತ ತೆರೆದು ಸಾಲು ಸಾಲಾಗಿ ಓದಿದಳು. ನಲವತ್ತನೆಯ ಸಾಲಿನ ಬಳಿ ಕಣ್ಣು ನಿಂತಿತು. ಚಿತ್ರದ ಅಕ್ಕಪಕ್ಕದ ಚುಕ್ಕಿಗಳ ಹೊಳಪು ಎಷ್ಟು ಏರುಪೇರಾದರೆ ಮೋಡ ಎನ್ನಬೇಕು ಎಂಬ ಮಿತಿ ಅಲ್ಲಿತ್ತು. ಯಾರೋ ಅದನ್ನು ಅತಿ ಬಿಗಿ ಮಾಡಿದ್ದರು. ಒಂಚೂರು ಉಬ್ಬುತಗ್ಗು ಕಂಡರೂ ಸಾಕು, ಮೋಡ. ಉಂಡೆ ಉಂಡೆಯಾಗಿ ಬರುವ ಹೊಗೆ ಅದರಲ್ಲಿ ಹಾಯಲು ಸಾಧ್ಯವೇ ಇರಲಿಲ್ಲ. ಪಕ್ಕದಲ್ಲೇ ಬದಲಾವಣೆ ಮಾಡಿದವರು ಬಿಟ್ಟ ಟಿಪ್ಪಣಿ: "ಒಂಚೂರು ಅನುಮಾನ ಬಂದರೂ ಬಿಸಾಡು." ತಾರೀಖು ಮೂರು ವರ್ಷದ ಹಿಂದಿನದು, ಆ ನಾಲ್ಕು ಹನಿ ಮಳೆ ಬಿದ್ದ ವಾರದ್ದು. ಕೆಳಗೆ ಹೆಸರು.

ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿಲ್ಲದ ಹೆಸರು.

ಹೊಗೆ ಕವಿದ ದಿನಗಳನ್ನೆಲ್ಲ ಅವಳೇ ಹೊರಗೆ ಹಾಕಿದ್ದಳು; ಹೊಗೆಯಿಲ್ಲದ ದಿನಗಳು ಮಾತ್ರ ಉಳಿದಿದ್ದವು; ಅವುಗಳ ಸರಾಸರಿಗೆ ಎಳೆ ಹಸಿರು ಬಳಿದು ಗೋಡೆಗೆ ಹಾಕಿದ್ದಳು. ಮೂರು ವರ್ಷ ಆ ಊರಂಚಿನವರಿಗೆಲ್ಲ ನಿಮ್ಮ ಗಾಳಿ ಶುಭ್ರ ಎಂದು ಹೇಳಿದ್ದಳು. ಅದನ್ನು ಅಲ್ಲಗಳೆದ ಒಬ್ಬನೇ ಮನುಷ್ಯನ ಮೇಲೆ ಕಳ್ಳನ ಪಟ್ಟ ಕಟ್ಟಲು ಅರ್ಧ ಪತ್ರ ಬರೆದಿಟ್ಟಿದ್ದಳು.

ಮಿತಿ ಸಡಿಲಿಸಿ ಲೆಕ್ಕ ಮತ್ತೆ ಓಡಿಸಿದಳು. ಕಸದ ಗುಡ್ಡದಿಂದ ಮಾಳಿಗೆಯ ಮೇಲೆ ಹಾದು ಕೆಂಪು ನಾಲಿಗೆಯೊಂದು ಹೊರಚಾಚಿತು. ಮಾಳಿಗೆಯ ಚೌಕದಲ್ಲಿ ಒಂದು ಎಪ್ಪತ್ತೆಂಟು.

ಒಂದು ದಿನದ ಸಾಕ್ಷಿ ಸಾಲದು ಎಂದಿತು ಅವಳ ಒಳಗಿನ ಅನುಮಾನ. ಸರಿ ಎಂದು, ಆ ಚೌಕ ಬೆಳ್ಳಗೆ ಉಳಿದಿದ್ದ ಹಳೆಯ ದಿನಗಳಲ್ಲಿ ಕಣ್ಣು ಮುಚ್ಚಿ ಇಪ್ಪತ್ತನ್ನು ಆರಿಸಿದಳು. ಹದಿಮೂರು ದಿನ ಬಿಸಿಲಪ್ಪ "ಹೊಗೆ" ಎಂದಿದ್ದ, ಸಡಿಲಿಸಿದ ಜರಡಿಯೂ ಹೊಗೆ ಎಂದಿತು. ಆರು ದಿನ ಅವನು "ಮೋಡ, ಅಳೆದಿಲ್ಲ" ಎಂದಿದ್ದ, ಅವು ಅಸಲಿ ಮೋಡವೇ. ಒಂದು ದಿನ ಮಾತ್ರ ಹೇಗೆ ನೋಡಿದರೂ ಹೊಂದಲಿಲ್ಲ. ಆ ತಾರೀಖನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡಳು.

ಐದಕ್ಕೆ ಎರಡು ನಿಮಿಷ. ಗಡಿಯಾರದಮ್ಮ ಬಾಗಿಲಲ್ಲೇ ಕೈ ಚಾಚಿದರು. "ಪತ್ರ?"

"ಹರಿದೆ."

"ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದಾಳೆ ಮೇಡಂ. ಜರಡಿ ಹಿಡ್ಕೊಂಡು ಮೂರು ವರ್ಷದಿಂದ ಇಲ್ಲೇ ಕೂತಿದ್ಲು."

ಎಂಟು ಜನರ ಮುಂದೆ ಅವಳು ಎರಡು ನಕ್ಷೆಗಳನ್ನು ಒತ್ತಿನಲ್ಲಿಟ್ಟು ತೋರಿಸಿದಳು, ಹಸಿರಿನದು, ಕೆಂಪಿನದು. ನಲವತ್ತನೆಯ ಸಾಲನ್ನೂ ಕೆಳಗಿನ ಹೆಸರನ್ನೂ ಮುಚ್ಚದೆ ತೋರಿಸಿದಳು. ಯಾರೋ ಕೆಮ್ಮಿದರು. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿ ಎನ್ನಿಸಿತು ಅವಳಿಗೆ.

"ಹೊರಗೆ ಕೊಟ್ಟ ನಕ್ಷೆ ಎಷ್ಟು?" ಎಂದು ಕೇಳಿದರು ಗಡಿಯಾರದಮ್ಮ.

"ಮೂವತ್ತಾರು. ತಿಂಗಳಿಗೊಂದು."

"ಎಲ್ಲಾ ವಾಪಸ್ ತಗೋಬೇಕು. ತಪ್ಪಾಗಿದೆ ಅನ್ನೋ ಪತ್ರ ನಿನ್ನ ಹೆಸರಲ್ಲೇ ಹೋಗಬೇಕು."

"ಬರೆದಿದೀನಿ." ಅವಳು ಹಾಳೆ ಮುಂದಿಟ್ಟಳು. "ಹಳೇ ಪತ್ರಕ್ಕಿಂತ ಇದೇ ಬೇಗ ಮುಗೀತು."

ಗಡಿಯಾರದಮ್ಮ ಅದನ್ನು ಓದಿದರು. ಓದುವಾಗ ಒಂದು ಸಲವೂ ಮುಂಗೈ ನೋಡಲಿಲ್ಲ. "ಮಾಳಿಗೆ ಇರ್ಲಿ," ಎಂದರು ಕೊನೆಗೆ. "ಆ ಮನುಷ್ಯನೂ ಇರ್ಲಿ. ಆ ನೆರಳಚ್ಚಿನ ಯಂತ್ರ ಮಾತ್ರ ಬದಲಾಯಿಸಿ."

ಆರೂಕಾಲಿಗೆ ಅವಳು ಮತ್ತೆ ಆ ಮೆಟ್ಟಿಲ ಬುಡದಲ್ಲಿದ್ದಳು. ಈ ಸಲ ಚಪ್ಪಲಿ ಪಟಪಟ ಸದ್ದು ಮಾಡುತ್ತಾ ಹತ್ತಿದಳು. ಬಿಸಿಲಪ್ಪ ಸ್ಟೂಲನ್ನು ಮಡಚಿ, ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸುತ್ತಿದ್ದ. ಅವಳನ್ನು ಕಂಡು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವುಚಿಕೊಂಡ.

"ಒಂದೇ ದಿನ ಎರಡು ಸಲ. ಈಗಂತೂ ಕಿತ್ಕೊಂಡೇ ಹೋಗ್ತೀರಿ."

"ಇಲ್ಲ. ತಪ್ಪು ನಂದು. ನಿಮ್ಮ ಹೊಗೇನೆಲ್ಲಾ ಮೋಡ ಅಂತ ನಾನೇ ಬಿಸಾಕ್ತಿದ್ದೆ, ಮೂರು ವರ್ಷದಿಂದ. ಸಭೇಲಿ ಹೇಳಿ ಬಂದೆ."

ಅವನು ಕೂಡಲೇ ನಂಬಲಿಲ್ಲ. ಅವಳ ಮುಖವನ್ನು ಓರೆಗಣ್ಣಲ್ಲಿ ಅಳೆದ. ಆಮೇಲೆ ನಿಧಾನವಾಗಿ ಪೆಟ್ಟಿಗೆ ಕೆಳಗಿಟ್ಟ. "ಊಟ ಮಾಡಿದ್ರಾ?" ಎಂದು ಕೇಳಿದ.

ಅವಳು ಜೇಬಿನ ಚೀಟಿ ತೆಗೆದಳು. "ಈ ದಿನದ್ದು ಒಂದು ಹೊಂದ್ತಿಲ್ಲ. ಹೊಗೆ ಅಂತ ಬರ್ದಿದೀರಿ. ಅಲ್ಲಿ ನಿಜವಾಗ್ಲೂ ಮೋಡ ಇತ್ತು."

ಬಿಸಿಲಪ್ಪ ಪುಟ ತೆಗೆದು, ಕಣ್ಣಿಗೆ ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದ. "ಗೊತ್ತಿಲ್ಲ ತಾಯಿ. ನೆನಪಿಲ್ಲ. ನಾನೂ ಮೋಸ ಹೋಗಿರ್ಬೇಕು. ಕಣ್ಣುರಿ ಇದ್ದಾಗ ಹೊಗೆ ಯಾವುದು ಮೋಡ ಯಾವುದು ಅಂತ..." ಮಾತು ಕೆಮ್ಮಿನಲ್ಲಿ ಮುಳುಗಿತು.

ಈ ಉತ್ತರ ಅವಳಿಗೆ ಹಿಡಿಸಿತು. ಎಲ್ಲಕ್ಕೂ ಕಾರಣ ಕೊಟ್ಟಿದ್ದರೆ ಅವಳು ಮೊದಲಿನಿಂದ ಶುರುಮಾಡುತ್ತಿದ್ದಳೇನೋ. ದಾರದ ಪೆನ್ನು ಎಳೆದುಕೊಂಡು, ಖಾಲಿ ಬಿದ್ದಿದ್ದ ಕೊನೆಯ ಅಂಕಣದಲ್ಲಿ, ಅಂದಿನ ಸಾಲಿನ ಎದುರು ಸಹಿ ಹಾಕಿದಳು.

ಬಿಸಿಲಪ್ಪ ಇಣುಕಿದ. "ಒಂದೇ? ಮೇಲೆ ಹನ್ನೊಂದು ವರ್ಷದ್ದು ಖಾಲಿ ಇದೆ."

"ನಾನು ಕಣ್ಣಾರೆ ನೋಡಿದ್ದು ಇವತ್ತಿಂದು ಮಾತ್ರ."

ಅವನು ನಕ್ಕೇಬಿಟ್ಟ, ಆ ದಿನದಲ್ಲಿ ಮೊದಲ ಸಲ. "ಒಳ್ಳೇ ಹೆಂಗಸು ಕಣಮ್ಮ ನೀವು. ನಾಳೆ ಮೇಲಿನವನು ಎಷ್ಟೊತ್ತಿಗೆ?"

"ಒಂದು ಹದಿನೇಳು."

"ಬರ್ತೀರಾ?"

"ಬರ್ತೀನಿ. ಆದ್ರೆ ಯಾವ ದಿನ ಬರ್ತೀನಿ ಅಂತ ಹೇಳಲ್ಲ."

ಬಿಸಿಲಪ್ಪ ಗೋಡೆಯ ಮೊಳೆಯಿಂದ ಒಂದು ಕೀಲಿ ಬಿಡಿಸಿ ಕೊಟ್ಟ. ಮಾಳಿಗೆ ಬಾಗಿಲಿನದು, ಎರಡನೆಯದು. "ಯಾವಾಗ ಬೇಕಾದ್ರೂ ಬನ್ನಿ. ಚಪ್ಪಲಿ ಮಾತ್ರ ಹಾಕ್ಕೊಂಡು ಬನ್ನಿ." ಕೆಮ್ಮುತ್ತಾ ಅವನು ಮೊದಲು ಇಳಿದು ಹೋದ.

ಅನುಮಾನದಕ್ಕ ಕೀಲಿಯನ್ನು ಸಂಜೆ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ತಗಡಿನ ಬಾಗಿಲು ಮುಚ್ಚಿ, ಬೀಗಕ್ಕೆ ಹಾಕಿ ತಿರುಗಿಸಿದಳು. ಸರಿಯಾದ ಕೀಲಿಯೇ. ಮೂರು ಸಲ ಜಗ್ಗಿದಳು. ನಾಲ್ಕು ಮೆಟ್ಟಿಲು 
ಇಳಿದಳು. ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗಿ ನೋಡಿದಳು.